ಬೆಳಗಾವಿ–ವಿಜಯಪುರ ಸ್ಯಾಂಪಲ್: ಜೀನ್ ಸಿಕ್ಕಿತಾ?

ನಮಸ್ಕಾರ ರೀ. ಸಕ್ಕರೆ ಕಾಯಿಲೆ ಇರುವವರ ರಕ್ತ ಬೆಳಗಾವಿಯದು, ಇಲ್ಲದವರದ್ದು ವಿಜಯಪುರದ್ದು. 5 ಲಕ್ಷ ಎಸ್‌ಎನ್‌ಪಿಗಳಲ್ಲಿ (ಡಿಎನ್‌ಎಯಲ್ಲಿ ಒಬ್ಬರಿಂದ ಒಬ್ಬರಿಗೆ ಒಂದಕ್ಷರ ಬದಲಾಗುವ ಜಾಗಗಳು) ಒಂದಕ್ಕೆ ಪಿ-ವ್ಯಾಲ್ಯೂ (ಸಂಬಂಧವೇ ಇಲ್ಲದಿದ್ದರೂ ಇಷ್ಟು ವ್ಯತ್ಯಾಸ ಸುಮ್ನೆ ಬರುವ ಸಾಧ್ಯತೆ) 0.00001 ಬಂದಿದೆ, ಜೀನ್ ಸಿಕ್ಕಿತಾ ಅಂತ ಕೇಳಿದ್ದೀರಿ. ಇನ್ನೂ ಇಲ್ಲ. ಅಷ್ಟು ಪರೀಕ್ಷೆ ಮಾಡಿದರೆ ಅಂಥ ಸಂಖ್ಯೆ ಸುಮ್ನೆ ಅದೃಷ್ಟದಿಂದಲೇ ನಾಲ್ಕೈದು ಕಡೆ ಬರಬಹುದು. ಅದಕ್ಕೇ ಇಡೀ ಜೀನೋಮ್ ಜಾಲಾಡುವಾಗ 0.00000005ಕ್ಕಿಂತ ಕಡಿಮೆ ಇರಬೇಕು ಅನ್ನುತ್ತಾರೆ.

ನನಗೆ ಜಾಸ್ತಿ ಚಿಂತೆ ಸ್ಯಾಂಪಲ್‌ನದ್ದು. ಎರಡು ಊರಿನ ಗುಂಪುಗಳಲ್ಲಿ ಸಮುದಾಯಗಳ ಪಾಲು ಬೇರೆ ಇದ್ದರೆ, ಕಾಯಿಲೆಗೆ ಸಂಬಂಧವೇ ಇಲ್ಲದ ಎಸ್‌ಎನ್‌ಪಿಯೂ ಎದ್ದು ಕಾಣುತ್ತದೆ. ಮೇಲಾಗಿ ಸೋದರಮಾವನಿಗೋ ಅತ್ತೆ ಮಗನಿಗೋ ಹೆಣ್ಣು ಕೊಡುವುದು ನಮ್ಮ ಕಡೆ ಇನ್ನೂ ಇದೆ, ಅಲ್ವಾ? ಗೊತ್ತಿಲ್ಲದೇ ನೆಂಟರೂ ಸೇರಿಕೊಂಡಿರುತ್ತಾರೆ. ಮೊದಲು ಪಿಸಿಎ (ಡಿಎನ್‌ಎ ಹೋಲುವವರನ್ನು ಹತ್ತಿರ ಹತ್ತಿರ ಚುಕ್ಕೆಗಳಾಗಿ ತೋರಿಸುವ ಲೆಕ್ಕ) ಮಾಡಿ, ಊರಿಗೊಂದು ಬಣ್ಣ ಹಾಕಿ ನೋಡಿ. ಅದು ಸಮುದಾಯದ ಅಂತರ ತೋರಿಸುತ್ತದೆ. ನೆಂಟಸ್ತನಕ್ಕೆ ಮಿಕ್ಸ್ಡ್ ಮಾಡೆಲ್ (ಯಾರು ಯಾರಿಗೆ ಎಷ್ಟು ಹತ್ತಿರ ಅನ್ನುವುದನ್ನೂ ಲೆಕ್ಕಕ್ಕೆ ಹಿಡಿಯುವ ವಿಧಾನ) ಬೇಕು.

ಆದರೆ ರೋಗಿಗಳೆಲ್ಲ ಒಂದೂರು, ಉಳಿದವರೆಲ್ಲ ಇನ್ನೊಂದೂರು ಆದರೆ ಊರಿನ ವ್ಯತ್ಯಾಸ ಯಾವುದು, ಕಾಯಿಲೆಯದು ಯಾವುದು ಅಂತ ಯಾವ ಮಾಡೆಲ್ ಕೂಡ ಪೂರ್ತಿ ಬಿಡಿಸಲಾರದು. ಬೆಳಗಾವಿಯಲ್ಲೇ ಕಾಯಿಲೆ ಇಲ್ಲದವರನ್ನು ಹುಡುಕಿ, ವಯಸ್ಸು ನೋಡಿಕೊಳ್ಳಿ. ಆಮೇಲೆ 2006ರಲ್ಲಿ ಐಸ್‌ಲ್ಯಾಂಡ್ ತಂಡ ಸಕ್ಕರೆ ಕಾಯಿಲೆಗೆ ಸಂಬಂಧ ಇದೆ ಅಂತ ಗುರುತಿಸಿದ ಟಿಸಿಎಫ್7ಎಲ್2 ಜೀನ್ ನಿಮ್ಮಲ್ಲೂ ಅದೇ ದಿಕ್ಕಿಗೆ ವಾಲುತ್ತದಾ ನೋಡಿ. ಪಿಸಿಎ ಚಿತ್ರ ಇಲ್ಲಿ ಹಾಕಿದರೆ ನಾನೂ ನೋಡುತ್ತೇನೆ.