ಲಾಯದಲ್ಲಿ ಬಿಟ್ಟಿದ್ದ ನನ್ನ ಕುದುರೆಗೆ ಕೇಳದೆ ಮರಿ ಮಾಡಿಸಿದ್ದಾರೆ, ನೋಂದಣಿ ಬೇರೆ ಕುದುರೆ ಹೆಸರಲ್ಲಿದೆ. ಕೊಟ್ಟಷ್ಟು ದುಡ್ಡು ತಗೊಂಡು ಸುಮ್ಮನಾಗಲಾ, 420 ಕೇಸು ಹಾಕಲಾ?

ಎರಡೂ ಬೇಡ. ಮರಿ ನಿಮ್ಮದು, ಮೊದಲು ಅದನ್ನು ಕೇಳಿ.

ನಾನು ಮೈಸೂರಿನವನು. 2018ರಲ್ಲಿ ಕಲಬುರಗಿಗೆ ವರ್ಗ ಆಯಿತು. ನನ್ನ ಮಾರ್ವಾಡಿ ಕುದುರೆ ಮಲ್ಲಿಯನ್ನು ಶ್ರೀರಂಗಪಟ್ಟಣದ ಹತ್ತಿರ ಒಂದು ಲಾಯದಲ್ಲಿ ಬಿಟ್ಟು ಹೋದೆ. ಹುಲ್ಲು, ಹುರುಳಿ, ಆಳಿನ ಖರ್ಚು ತಿಂಗಳು ತಪ್ಪದೆ ಕಳಿಸುತ್ತಿದ್ದೆ. ದಸರೆಗೆ ಬಂದಾಗ ಅವಳ ಹೊಟ್ಟೆ ದಪ್ಪ ಕಂಡಿತು. "ಹುಲ್ಲು ಜಾಸ್ತಿ ತಿಂತಾಳೆ ಸಾರ್, ಓಡಾಟ ಕಮ್ಮಿ" ಅಂದರು. ನಂಬಿದೆ. ಮುಂದಿನ ಸಲ ಬಂದಾಗ ಇಳಿದುಹೋಗಿದ್ದಳು. ಪಕ್ಕದಲ್ಲೇ ಒಂದು ಕಂದು ಮರಿ ಕಟ್ಟಿತ್ತು. ತಮ್ಮ ಕುದುರೆಯದು ಅಂತ ನೋಂದಣಿ ಪತ್ರವನ್ನೂ ತೋರಿಸಿದರು. ಅದರಲ್ಲಿ ತಾಯಿಯೂ ಕಂದು, ತಂದೆಯೂ ಕಂದು.

ವರ್ಷ ತುಂಬುವ ಹೊತ್ತಿಗೆ ಆ ಮರಿಯ ಕಣ್ಣಿನ ಸುತ್ತ ಬಿಳಿ ಕೂದಲು ಬಂತು. ಆಮೇಲೆ ಮುಖವೆಲ್ಲ. ಮಲ್ಲಿ ಬೂದು ಕುದುರೆ. ಇಂಥ ಕುದುರೆಗಳು ಹುಟ್ಟುವಾಗ ಕಪ್ಪೋ ಕಂದೋ ಇದ್ದು, ಬೆಳೆಯುತ್ತಾ ಬೆಳ್ಳಗಾಗುತ್ತವೆ. ತಂದೆ ತಾಯಿಯಲ್ಲಿ ಒಂದಾದರೂ ಬೂದು ಇಲ್ಲದೆ ಮರಿ ಬೂದಾಗುವುದೇ ಇಲ್ಲ. ಪತ್ರ ಸುಳ್ಳು ಅಂತ ಮರಿಯ ಮುಖವೇ ಹೇಳುತ್ತಿತ್ತು. ಅವರ ಕುದುರೆ ಆ ವರ್ಷ ಗಬ್ಬ ನಿಂತಿರಲಿಲ್ಲ. ಮಲ್ಲಿಯನ್ನು ಗಂಡಿಗೆ ಬಿಟ್ಟು, ಮರಿಯನ್ನು ಆ ಕುದುರೆಯ ಲೆಕ್ಕಕ್ಕೆ ಬರೆಸಿದ್ದರು.

ವಕೀಲರು 1872ರ ಕರಾರು ಕಾಯ್ದೆ ತೆಗೆದು 163ನೇ ಸೆಕ್ಷನ್ ತೋರಿಸಿದರು. ನಮ್ಮ ಹಳ್ಳಿಯಲ್ಲಿ ಎಲ್ಲರಿಗೂ ಗೊತ್ತಿರುವ ಮಾತೇ ಅಲ್ಲಿದೆ. ಒಬ್ಬ ತನ್ನ ಹಸುವನ್ನು ನೋಡಿಕೊಳ್ಳಲು ಇನ್ನೊಬ್ಬನ ಹತ್ತಿರ ಬಿಟ್ಟು, ಅದು ಕರು ಹಾಕಿದರೆ, ಹಸುವಿನ ಜೊತೆ ಕರುವನ್ನೂ ಕೊಡಬೇಕು. ಕಣ್ಣಲ್ಲಿ ನೀರು ಬಂತು. ಆದರೆ ಸೆಕ್ಷನ್ ಶುರುವಾಗುವುದೇ "ಬೇರೆ ಕರಾರು ಇಲ್ಲದಿದ್ದರೆ" ಅಂತ. ನಾನು ಸಿಕ್ಕಿಬಿದ್ದದ್ದು ಅಲ್ಲೇ.

ಕಲಬುರಗಿಗೆ ಹೊರಡುವ ದಿನ ಎರಡು ಖಾಲಿ ಹಾಳೆಗೆ ಸಹಿ ಹಾಕಿ ಕೊಟ್ಟಿದ್ದೆ. ರಾತ್ರಿ ಹೊತ್ತು ಹೊಟ್ಟೆನೋವು ಬಂದರೆ ಡಾಕ್ಟರಿಗೆ ನಿಮ್ಮ ಒಪ್ಪಿಗೆ ಬೇಕಾಗುತ್ತೆ ಅಂದಿದ್ದರು. ಕುದುರೆಗೆ ಹೊಟ್ಟೆನೋವು ಅಂದರೆ ಪ್ರಾಣದ ಮಾತು, ಹಾಗಾಗಿ ಯೋಚಿಸಲೇ ಇಲ್ಲ. "ಚಿಕಿತ್ಸೆಗೆ ಮಾತ್ರ" ಅಂತ ಮೇಲೆ ಒಂದು ಸಾಲು ಬರೆದು, ತಾರೀಖು ಹಾಕಿ, ಉಳಿದ ಜಾಗಕ್ಕೆ ಅಡ್ಡಗೆರೆ ಎಳೆದಿದ್ದರೆ ಸಾಕಿತ್ತು. ಒಂದು ಫೋಟೊ ತೆಗೆದಿಟ್ಟಿದ್ದರೂ ಆಗುತ್ತಿತ್ತು. ಅದೂ ಮಾಡಲಿಲ್ಲ. ನಮ್ಮ ನೋಟಿಸಿಗೆ ಉತ್ತರವಾಗಿ ಬಂದದ್ದು ಅದೇ ಹಾಳೆ. ಸಾಕಿದ ಖರ್ಚಿಗೆ ಬದಲಾಗಿ ಮರಿ ಲಾಯದವರಿಗೇ ಅಂತ ನಾನೇ ಒಪ್ಪಿದ ಹಾಗೆ ಬರೆದಿತ್ತು. ಕೆಳಗೆ ನನ್ನದೇ ಸಹಿ. ಮರಿ ಯಾರದ್ದು ಅನ್ನುವ ಪ್ರಶ್ನೆ ಪಕ್ಕಕ್ಕೆ ಹೋಗಿ, ಆ ಹಾಳೆ ಯಾವಾಗ ತುಂಬಿದ್ದು ಅನ್ನುವುದರಲ್ಲೇ ಎರಡು ವರ್ಷ ಕಳೆಯಿತು. ಕೊನೆಗೆ ಕಾಪಾಡಿದ್ದು ಅವರು ಹಾಕಿದ್ದ ತಾರೀಖು. ಆ ದಿನ ನಾನು ಕಲಬುರಗಿ ಆಫೀಸಿನಲ್ಲಿದ್ದೆ, ಹಾಜರಿ ಪುಸ್ತಕದಲ್ಲಿದೆ. ಅದಾದ ಮೇಲೆ ಅವರೇ ಮಾತುಕತೆಗೆ ಬಂದು ಮರಿ ಬಿಟ್ಟುಕೊಟ್ಟರು.

ನೀವು ಅಂಥ ಹಾಳೆ ಏನಾದರೂ ಕೊಟ್ಟಿದ್ದರೆ ವಕೀಲರಿಗೆ ಮೊದಲ ದಿನವೇ ಹೇಳಿ, ನಾಚಿಕೆಪಟ್ಟು ಮುಚ್ಚಿಡಬೇಡಿ.

ನೋಂದಣಿ ಅವರ ಕಡೆ ಇದೆ, ಹಾಗಾಗಿ ಮರಿ ಕೈತಪ್ಪಿತು ಅಂದುಕೊಂಡಿದ್ದೀರಿ. ನಾನು ಒಪ್ಪುವುದಿಲ್ಲ. ಆ ನೋಂದಣಿ ಪುಸ್ತಕ ಇರುವುದು ತಳಿಯ ಲೆಕ್ಕಕ್ಕೆ. ಸುಳ್ಳು ಹೇಳಿ ಬರೆಸಿದ ಮಾತ್ರಕ್ಕೆ ನಿಮ್ಮ ಕುದುರೆಯ ಮರಿ ಅವರದಾಗುವುದಿಲ್ಲ. ಪೊಲೀಸರ ಹತ್ತಿರ ಆಮೇಲೆ ಹೋಗಬಹುದು. 420 ಈಗ ಹಳೇ ನಂಬರು, 2024ರ ಜುಲೈ 1ರಿಂದ ಈಚೆಗೆ ನಡೆದ ಮೋಸಕ್ಕೆ ಭಾರತೀಯ ನ್ಯಾಯ ಸಂಹಿತೆಯ 318 ಬರುತ್ತೆ. ಅದಕ್ಕಿಂತ ಮೊದಲು ಮರಿ ಕೊಡಿ ಅಂತ ವಕೀಲರಿಂದ ನೋಟಿಸ್ ಕಳಿಸಿ. ಕೊಡುವುದಿಲ್ಲ ಅಂದ ದಿನದಿಂದ ದಾವೆ ಹಾಕಲು 3 ವರ್ಷ ಇರುತ್ತೆ. ನೋಂದಣಿ ಮಾಡಿದವರಿಗೂ ಪತ್ರ ಬರೆದು, ತಕರಾರು ಇದೆ, ಹೆಸರು ವರ್ಗಾವಣೆ ಮಾಡಬೇಡಿ ಅನ್ನಿ. ಮರಿ ಮಾರಿಹೋದರೆ ಹುಡುಕುವುದು ತುಂಬಾ ಕಷ್ಟ.

ಡಿಎನ್ಎ ಪರೀಕ್ಷೆಗೆ ಬುಡಸಮೇತ ಕಿತ್ತ ಜೂಲಿನ ಕೂದಲು ಸಾಕು. ಆದರೆ ನೀವೇ ಹೋಗಿ ಕಿತ್ತು ತರಬೇಡಿ, ಎಲ್ಲಿಂದ ತಂದಿರಿ ಅಂತ ಕೇಳುತ್ತಾರೆ. ಎರಡೂ ಕಡೆಯವರ ಮುಂದೆ ಪಶುವೈದ್ಯರೇ ತೆಗೆದು, ಲಕೋಟೆ ಅಂಟಿಸಿ, ಎಲ್ಲರ ಸಹಿ ಹಾಕಿಸಲಿ. ಆ ಸಹಿಯನ್ನಾದರೂ ಓದಿ ಹಾಕಿ.