ಓದುಗರ ಪ್ರಶ್ನೆ: ಲೀಡ್ಸ್ ಯುನೈಟೆಡ್ ಮುಳುಗಿದ ಲೆಕ್ಕ

ಪ್ರಶ್ನೆ: 2001ರಲ್ಲಿ ಯುರೋಪಿನ ಅಗ್ರ ಕ್ಲಬ್ಬುಗಳ ಪಂದ್ಯಾವಳಿಯಾದ ಚಾಂಪಿಯನ್ಸ್ ಲೀಗ್‌ನ ಸೆಮಿಫೈನಲ್ ಆಡಿದ ಇಂಗ್ಲೆಂಡಿನ ಫುಟ್‌ಬಾಲ್ ಕ್ಲಬ್ಬು ಲೀಡ್ಸ್ ಯುನೈಟೆಡ್ 2007ಕ್ಕೆ ಮೂರನೇ ದರ್ಜೆಗೆ ಇಳಿಯಿತು. ಅಷ್ಟು ಕೆಟ್ಟದಾಗಿ ಆಡಿತೇ?
– ಓದುಗರೊಬ್ಬರು, ಬೈತಖೋಲ, ಕಾರವಾರ

ಉತ್ತರ: ಆಟ ಕೆಟ್ಟದ್ದು ಆಮೇಲೆ. ಮೊದಲು ಕೆಟ್ಟದ್ದು ಲೆಕ್ಕ. ಚಾಂಪಿಯನ್ಸ್ ಲೀಗ್ ಹಣ ವರ್ಷವರ್ಷವೂ ಬಂದೇ ಬರುತ್ತದೆ ಎಂದು ನಂಬಿ ಆಗಿನ ಆಡಳಿತ ಖರ್ಚಿಗೆ ಇಳಿಯಿತು. 2000ದ ನವೆಂಬರಿನಲ್ಲಿ ಆಟಗಾರ ರಿಯೊ ಫರ್ಡಿನಾಂಡ್ ಒಬ್ಬರನ್ನು ಕೊಳ್ಳಲೇ 1.8 ಕೋಟಿ ಪೌಂಡ್ ಕೊಟ್ಟರು. ಬ್ರಿಟನ್ನಿನಲ್ಲಿ ಅದು ಆಗಿನ ದಾಖಲೆ. ಮುಂದೆ ಬರಲಿರುವ ಟಿಕೆಟ್ ವರಮಾನವನ್ನು ಆಧಾರವಿಟ್ಟು 25 ವರ್ಷದ ಅವಧಿಗೆ 6 ಕೋಟಿ ಪೌಂಡ್ ಸಾಲ ಎತ್ತಿದರು. ಘಟ್ಟದ ಮೇಲಿನ ಅಡಿಕೆ ಬೆಳೆಗಾರರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ: ಕೊಯ್ಲಿಗೆ ಮೊದಲೇ ಮಂಡಿಯಲ್ಲಿ ಮುಂಗಡ ಎತ್ತಿದ ವರ್ಷವೇ ಕೊಳೆರೋಗ ಬಂತು.

2000-01ರಲ್ಲಿ ಇಂಗ್ಲೆಂಡಿನ ಮೊದಲ ಮೂರು ತಂಡಗಳಿಗಷ್ಟೇ ಚಾಂಪಿಯನ್ಸ್ ಲೀಗ್ ಪ್ರವೇಶವಿತ್ತು. ಮೂರನೆಯ ಲಿವರ್‌ಪೂಲ್‌ಗೆ 69 ಅಂಕ, ಲೀಡ್ಸ್‌ಗೆ 68. ಮರುವರ್ಷ ನಾಲ್ಕು ತಂಡಗಳಿಗೆ ಅವಕಾಶ ಸಿಕ್ಕಿತು, ಲೀಡ್ಸ್ ಐದನೆಯದಾಯಿತು! ಆದರೆ ಆಟಗಾರರ ಸಂಬಳದ ಒಪ್ಪಂದಗಳು ಹಾಗೇ ಇದ್ದವು. ಮಾರಿ ಸಾಲ ತೀರಿಸಬಹುದಿತ್ತಲ್ಲ ಎನ್ನುವಿರಿ. ಮಾರಿದರು. ಫರ್ಡಿನಾಂಡ್ 2002ರಲ್ಲಿ ಸುಮಾರು 3 ಕೋಟಿ ಪೌಂಡಿಗೆ ಹೋದರು, ಅದೂ ಬದ್ಧವೈರಿ ಮ್ಯಾಂಚೆಸ್ಟರ್ ಯುನೈಟೆಡ್‌ಗೆ. ಅದೊಂದು ಒಳ್ಳೆಯ ಬೆಲೆ. ಮಾರುವವರಿಗೆ ಗತ್ಯಂತರವಿಲ್ಲ ಎಂದು ಪೇಟೆಗೆಲ್ಲ ತಿಳಿದ ಮೇಲೆ ಬೆಲೆ ಬಿತ್ತು. ಆಟಗಾರ ರಾಬಿ ಫೌಲರ್ ಮ್ಯಾಂಚೆಸ್ಟರ್ ಸಿಟಿಗೆ ಹೋದ ಮೇಲೂ ಅವರ ಸಂಬಳದ ಒಂದು ಪಾಲನ್ನು ಲೀಡ್ಸೇ ಕೊಡಬೇಕಾಯಿತು. 2004ರಲ್ಲಿ ಇಂಗ್ಲೆಂಡಿನ ಅಗ್ರ ದರ್ಜೆಯಾದ ಪ್ರೀಮಿಯರ್ ಲೀಗ್‌ನಿಂದ ತಂಡ ಕೆಳಗಿಳಿಯಿತು. ಅದೇ ವರ್ಷ ತನ್ನದೇ ಎಲ್ಲಂಡ್ ರೋಡ್ ಮೈದಾನವನ್ನೂ ಮಾರಿ, ಅಲ್ಲೇ ಬಾಡಿಗೆಗೆ ಕೂತರು.

ಪ್ರಶ್ನೆ: ಅಂಥ ಸ್ಥಿತಿಯಲ್ಲಿ 15 ಅಂಕ ಕಡಿದದ್ದು ಅನ್ಯಾಯವಲ್ಲವೇ?
– ಓದುಗರೊಬ್ಬರು, ಸಿರಸಿ

ಉತ್ತರ: ಕಡಿತ ಎರಡು ಸಲ ಆಯಿತು. 2007ರ ಮೇ ತಿಂಗಳಲ್ಲಿ ಕ್ಲಬ್ಬು ದಿವಾಳಿ ಆಡಳಿತಕ್ಕೆ, ಅಂದರೆ ಸಾಲ ತೀರಿಸಲಾಗದೆ ಹೊರಗಿನ ಆಡಳಿತಗಾರರ ಕೈಗೆ, ಹೋದಾಗ 10 ಅಂಕ ಹೋಯಿತು. ಕೆಳಗಿಳಿಯುವುದು ಅಷ್ಟರಲ್ಲೇ ಬಹುತೇಕ ಖಚಿತವಾಗಿದ್ದರಿಂದ ಆ ಪೆಟ್ಟು ತಾಗಲೇ ಇಲ್ಲ. ಈ ಜಾಣತನ ಉಳಿದ ಕ್ಲಬ್ಬುಗಳಿಗೆ ಹಿಡಿಸಲಿಲ್ಲ. ನಂತರದ 15, ಸಾಲ ಕೊಟ್ಟವರೊಂದಿಗೆ ನಿಯಮದಂತೆ ಒಪ್ಪಂದವಾಗದೆ ಆ ಆಡಳಿತದಿಂದ ಹೊರಬಂದದ್ದಕ್ಕೆ. 2007-08ರಲ್ಲಿ ಲೀಡ್ಸ್ ಆಡಿ ಗಳಿಸಿದ್ದು 91, ಪಟ್ಟಿಯಲ್ಲಿ ಉಳಿದದ್ದು 76. ನಾಟಿಂಗ್‌ಹ್ಯಾಮ್ ಫಾರೆಸ್ಟ್ 82 ಅಂಕಕ್ಕೇ ಎರಡನೆಯದಾಗಿ ನೇರ ಬಡ್ತಿ ಪಡೆಯಿತು. ಐದನೆಯದಾದ ಲೀಡ್ಸ್, ಉಳಿದ ಒಂದು ಬಡ್ತಿಗಾಗಿ ನಡೆಯುವ ಪ್ಲೇಆಫ್‌ನ ಫೈನಲ್‌ನಲ್ಲಿ ಡಾಂಕಾಸ್ಟರ್ ಎದುರು 0-1ರಲ್ಲಿ ಸೋತು, ಇನ್ನೆರಡು ವರ್ಷ ಅಲ್ಲೇ ಕೊಳೆಯಿತು. ನಮ್ಮ ಮಟ್ಟಿಗೆ 10 ಸರಿ, 15 ಅತಿಯಾಯಿತು.

ಪ್ರಶ್ನೆ: ಲೀಡ್ಸ್ ಎಷ್ಟು ಸಲ ಲೀಗ್ ಗೆದ್ದಿದೆ?
– ವಿದ್ಯಾರ್ಥಿನಿ, ಕುಮಟಾ

ಉತ್ತರ: ಮೂರು ಸಲ. 1969 ಮತ್ತು 1974ರಲ್ಲಿ ತರಬೇತುದಾರ ಡಾನ್ ರೆವಿ ಕೈಯಲ್ಲಿ, 1992ರಲ್ಲಿ ಹೊವರ್ಡ್ ವಿಲ್ಕಿನ್ಸನ್ ಕೈಯಲ್ಲಿ. ಕ್ವಿಜ್‌ಗೆ ಹೋಗುವವರು ಗಮನಿಸಿ: ಪ್ರೀಮಿಯರ್ ಲೀಗ್ ಶುರುವಾದದ್ದು ಆ ಗೆಲುವಿನ ನಂತರ, 1992ರ ಆಗಸ್ಟಿನಲ್ಲಿ, ಹಾಗಾಗಿ ಅದನ್ನು ಗೆದ್ದವರ ಪಟ್ಟಿಯಲ್ಲಿ ಲೀಡ್ಸ್ ಇಲ್ಲ. 2020ರಲ್ಲಿ ತರಬೇತುದಾರ ಮಾರ್ಸೆಲೊ ಬಿಯೆಲ್ಸಾ ತಂಡವನ್ನು ಮತ್ತೆ ಪ್ರೀಮಿಯರ್ ಲೀಗ್‌ಗೆ ಮೇಲೆತ್ತಿದರು; 2023ರಲ್ಲಿ ಅದು ಪುನಃ ಇಳಿಯಿತು; 2025ರಲ್ಲಿ ಬರ್ನ್ಲಿಯಷ್ಟೇ 100 ಅಂಕ ಗಳಿಸಿ, ಗೋಲುಗಳ ಅಂತರದಲ್ಲಿ ಮೊದಲನೆಯದಾಗಿ ವಾಪಸು ಬಂತು.