ಡಿಗ್ರಿ ಕೈಗೆ ಬರುವ ಮೊದಲು ಆ ಬಾಕಿ ಪೇಪರ್ ನೋಡಿ

ಪ್ರಶ್ನೆ: ತುಮಕೂರಿನಲ್ಲಿ ಬಿ.ಕಾಂ. ಆರನೇ ಸೆಮಿಸ್ಟರ್ ಓದುತ್ತಿದ್ದೇನೆ. ಊರು ತಿಪಟೂರಿನ ಹತ್ತಿರ, ತೆಂಗಿನ ತೋಟವಿದೆ. ಮೂರನೇ ಸೆಮಿಸ್ಟರಿನ ಒಂದು ಪೇಪರ್ ಬಾಕಿ ಉಳಿದಿದೆ. ಗೆಳತಿಯರು ಬೆಂಗಳೂರಿನ ವಿಜಯನಗರದಲ್ಲಿ ಕೋಚಿಂಗ್ ಸೇರಿ ಎಫ್‌ಡಿಎ (ಸರ್ಕಾರಿ ಪ್ರಥಮ ದರ್ಜೆ ಸಹಾಯಕ), ಬ್ಯಾಂಕ್ ಪರೀಕ್ಷೆಗೆ ಓದೋಣ ಎನ್ನುತ್ತಾರೆ. ಅಪ್ಪ ಎಂ.ಕಾಂ. ಮಾಡು ಎನ್ನುತ್ತಾರೆ. ಏನು ಮಾಡಲಿ?

ಉತ್ತರ: ಕೋಚಿಂಗ್, ಎಂ.ಕಾಂ. ಎರಡನ್ನೂ ಸದ್ಯಕ್ಕೆ ಪಕ್ಕಕ್ಕಿಡಿ. ನಿಮ್ಮ ಪತ್ರದಲ್ಲಿ ನನಗೆ ಜಾಸ್ತಿ ಚಿಂತೆ ತಂದದ್ದು ಆ ಬಾಕಿ ಪೇಪರ್. ಬೆಸ ಸೆಮಿಸ್ಟರಿನ ಪೇಪರನ್ನು ಸಾಮಾನ್ಯವಾಗಿ ಬೆಸ ಸೆಮಿಸ್ಟರ್ ಪರೀಕ್ಷೆಗಳ ಜೊತೆಗೇ ನಡೆಸುತ್ತಾರೆ. ಅಂದರೆ ಆರನೆಯದು ಪಾಸಾದರೂ ಡಿಗ್ರಿ ಆರು ತಿಂಗಳು ತಡವಾಗಬಹುದು. ಬ್ಯಾಂಕ್ ಪರೀಕ್ಷೆಯ ಅಧಿಸೂಚನೆಯಲ್ಲಿ ಒಂದು ಕಡೆಯ ದಿನ ಕೊಟ್ಟಿರುತ್ತಾರೆ. ಅಷ್ಟರೊಳಗೆ ಡಿಗ್ರಿ ಫಲಿತಾಂಶ ಬಂದಿರಲೇಬೇಕು. ಎಷ್ಟೇ ಚೆನ್ನಾಗಿ ಓದಿದ್ದರೂ ಅಲ್ಲಿ ರಿಯಾಯಿತಿ ಇಲ್ಲ. ಈ ಸಲವೇ ಬರೆಯಲು ಅವಕಾಶ ಇದೆಯಾ, ಶುಲ್ಕ ಕಟ್ಟಲು ಕೊನೇ ದಿನ ಯಾವುದು ಎಂದು ಕಾಲೇಜು ಆಫೀಸಿನಲ್ಲೇ ಕೇಳಿ. ಗೆಳತಿಯರ ಮಾತಿನ ಮೇಲೆ ಬಿಡಬೇಡಿ.

ಅಲ್ಲಿಗೆ ಹೋದಾಗಲೇ ಹೆಸರನ್ನೂ ತಾಳೆ ನೋಡಿ. ನಮ್ಮ ಕಡೆ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಹೆಸರಿನ ಹಿಂದೆ ಎರಡು ಇನಿಷಿಯಲ್ ಇರುತ್ತವೆ. ಆಧಾರ್‌ನಲ್ಲಿ ಅವು ಬಿಡಿಸಿಕೊಂಡು ಊರು, ಅಪ್ಪನ ಹೆಸರು ಪೂರ್ತಿ ಬಂದಿರುತ್ತದೆ. ಡಿಗ್ರಿ ಅಂಕಪಟ್ಟಿಯಲ್ಲಿ ಒಂದು ಇನಿಷಿಯಲ್ ಬಿಟ್ಟೇ ಹೋಗಿರುತ್ತದೆ. ಕೆಲಸ ಸಿಕ್ಕ ಮೇಲೆ ದಾಖಲೆ ಪರಿಶೀಲನೆಯಲ್ಲಿ ಇದು ತಲೆನೋವು. ಕಾಲೇಜಿನಲ್ಲಿ ಇರುವಾಗಲೇ ಸರಿ ಮಾಡಿಸಿಕೊಳ್ಳಿ, ಆಮೇಲೆ ಓಡಾಟ ಜಾಸ್ತಿ.

ಇನ್ನು ಕೋಚಿಂಗ್. ಡಿಗ್ರಿ ಮುಗಿದ ತಕ್ಷಣ ಪಿಜಿ ಬಾಡಿಗೆ, ಕೋಚಿಂಗ್ ಶುಲ್ಕ ಎಲ್ಲ ಮನೆಯಿಂದಲೇ ತರಿಸಿಕೊಂಡು ವಿಜಯನಗರದಲ್ಲಿ ಕೂರುವುದು ನನಗೆ ಸರಿ ಕಾಣುವುದಿಲ್ಲ. ಎಫ್‌ಡಿಎ ಪರೀಕ್ಷೆ ನಡೆಸುವ ಕೆಪಿಎಸ್‌ಸಿಯ (ಕರ್ನಾಟಕ ಲೋಕಸೇವಾ ಆಯೋಗ) ಅಧಿಸೂಚನೆ ನಾವು ಕಾಯುವ ಹೊತ್ತಿಗೆ ಬರುವುದಿಲ್ಲ. ಬ್ಯಾಂಕ್ ಕ್ಲರ್ಕ್ ಪರೀಕ್ಷೆಗೆ ಸಾಮಾನ್ಯ ವರ್ಗದವರಿಗೂ 28 ವರ್ಷದವರೆಗೆ ಅವಕಾಶವಿದೆ, ಕನ್ನಡದಲ್ಲೇ ಬರೆಯಬಹುದು. ಅವಸರ ಬೇಡ.

ಬದಲಿಗೆ ತುಮಕೂರಿನಲ್ಲೇ ಒಬ್ಬ ಆಡಿಟರ್ ಆಫೀಸಿನಲ್ಲಿ ಒಂದು ವರ್ಷ ಕೆಲಸ ಮಾಡಿ. ಸಂಬಳ ಕಡಿಮೆಯೇ, ಗೊತ್ತು. ಆದರೆ ಬಿ.ಕಾಂ. ಓದಿದ್ದು ಅಲ್ಲಿ ಅರ್ಥವಾಗುತ್ತದೆ. ಪ್ರತಿ ತಿಂಗಳು 11ರೊಳಗೆ ಮಾರಾಟದ ವಿವರ ಕೊಡುವ ಜಿಎಸ್‌ಟಿಆರ್-1, 20ರೊಳಗೆ ತೆರಿಗೆ ಲೆಕ್ಕ ಕೊಡುವ 3ಬಿ ಸಲ್ಲಿಸಬೇಕು. ಅಡಿಕೆ ಮಂಡಿಯವರು ಕೊನೇ ದಿನ ತಂದು ಸುರಿಯುವ ಬಿಲ್ಲುಗಳನ್ನು ಟ್ಯಾಲಿ ಎಂಬ ಲೆಕ್ಕದ ಸಾಫ್ಟ್‌ವೇರಿಗೆ ಹತ್ತಿಸಿ, ಖರೀದಿ ಲೆಕ್ಕಕ್ಕೂ ಜಿಎಸ್‌ಟಿ ಪೋರ್ಟಲ್‌ನಲ್ಲಿ ಕಾಣುವ ಲೆಕ್ಕಕ್ಕೂ ಯಾಕೆ ಹೊಂದುತ್ತಿಲ್ಲ ಎಂದು ನೀವೇ ಹುಡುಕಬೇಕು. ನಾಲ್ಕು ತಿಂಗಳು ಇದನ್ನು ಮಾಡಿದರೆ ಸಂದರ್ಶನದಲ್ಲಿ ಹೇಳಲು ನಿಮ್ಮದೇ ಒಂದು ಮಾತಿರುತ್ತದೆ. ಬೆಳಗ್ಗೆ ಎರಡು ಗಂಟೆ ಪರೀಕ್ಷೆಗೆ ಓದಿ. ಈ ಕೆಲಸ ಹಿಡಿಸಿದರೆ ಸಿಎ ಕಡೆಗೂ ನೋಡಿ. ಬಿ.ಕಾಂ.ನಲ್ಲಿ ಶೇ 55 ಇದ್ದವರು ಅದರ ಮೊದಲ ಹಂತವಾದ ಫೌಂಡೇಶನ್ ಬರೆಯದೆ ನೇರವಾಗಿ ಎರಡನೇ ಹಂತದ ಇಂಟರ್‌ಮೀಡಿಯಟ್ ಸೇರಬಹುದು.

ಅಪ್ಪನ ಮಾತನ್ನೂ ತಳ್ಳಿಹಾಕಬೇಡಿ. ಪಾಠ ಮಾಡುವ ಆಸೆ ಇದ್ದರೆ ಎಂ.ಕಾಂ. ಬೇಕೇ ಬೇಕು. ಕಾಲೇಜು ಅಧ್ಯಾಪಕರ ಅರ್ಹತಾ ಪರೀಕ್ಷೆಗಳಾದ ಕೆ-ಸೆಟ್, ನೆಟ್ ಬರೆಯಲು ಸಾಮಾನ್ಯ ವರ್ಗಕ್ಕೆ ಅದರಲ್ಲಿ ಶೇ 55 ಇರಬೇಕು. ಆ ಆಸೆ ಇಲ್ಲದಿದ್ದರೆ, ಮನೇಲಿ ಸುಮ್ನೆ ಕೂರೋದು ಬೇಡ ಅಂತ ಸೇರಬೇಡಿ. ಎರಡು ವರ್ಷ ದೊಡ್ಡದು. ಆಡಿಟರ್ ಆಫೀಸಿನ ವಿಷಯ ಅಪ್ಪನಿಗೆ ಬಿಡಿಸಿ ಹೇಳಿ. ಕೊಬ್ಬರಿ ವ್ಯಾಪಾರದ ಲೆಕ್ಕ ನೋಡಿದವರಿಗೆ ಬೇಗ ಅರ್ಥವಾಗುತ್ತದೆ, ಅಲ್ವಾ?

ಪ್ರಶ್ನೆ: ಮಗ ಬಿ.ಎ. ಪಾಸಾಗಿದ್ದಾನೆ. ಘಟಿಕೋತ್ಸವದ ಸರ್ಟಿಫಿಕೇಟ್ ಬರಲಿ ಎಂದು ಕಾಯುತ್ತಿದ್ದಾನೆ. ಯುವನಿಧಿಗೆ ಯಾವಾಗ ಅರ್ಜಿ ಹಾಕಬೇಕು? – ಕೊರಟಗೆರೆಯ ತಾಯಿ

ಉತ್ತರ: ಘಟಿಕೋತ್ಸವಕ್ಕೆ ಕಾಯುವುದು ಬೇಡ. ತಾತ್ಕಾಲಿಕ ಪದವಿ ಪ್ರಮಾಣಪತ್ರ, ಅಂದರೆ ಪಿಡಿಸಿ, ಮತ್ತು ಎಲ್ಲ ಸೆಮಿಸ್ಟರಿನ ಅಂಕಪಟ್ಟಿ ಇದ್ದರೆ ಹೆಚ್ಚಿನ ಕಡೆ ಅರ್ಜಿಗೆ ಸಾಕು. ಯುವನಿಧಿ ರಾಜ್ಯ ಸರ್ಕಾರದ ನಿರುದ್ಯೋಗ ಭತ್ಯೆ, ಪಾಸಾಗಿ 180 ದಿನ ಕಳೆದರೂ ಕೆಲಸ ಸಿಗದವರಿಗೆ. ಪದವೀಧರರಿಗೆ ತಿಂಗಳಿಗೆ 3,000 ರೂಪಾಯಿ, ಹೆಚ್ಚೆಂದರೆ ಎರಡು ವರ್ಷ. ಮುಂದೆ ಓದಲು ಸೇರಿದರೆ ಸಿಗುವುದಿಲ್ಲ. ಅರ್ಜಿ ಸೇವಾಸಿಂಧು ಪೋರ್ಟಲ್‌ನಲ್ಲಿ. ಒಂದು ಎಚ್ಚರಿಕೆ: ಕೆಲಸಕ್ಕೆ ಸೇರುವಾಗ ಮೂಲ ದಾಖಲೆ ನಮ್ಮ ಹತ್ತಿರವೇ ಇರಲಿ ಎನ್ನುವ ಖಾಸಗಿ ಕಂಪನಿಗೆ ಒಪ್ಪಬೇಡಿ. ಮೂಲ ಪ್ರತಿ ತೋರಿಸಿ ವಾಪಸ್ ತರಲಿ, ನಕಲು ಕೊಟ್ಟು ಬರಲಿ.